‘ಆಗುದಿಲ್ಲ’ ಎಂದವಳು ನಾನು

ನನ್ನ ತಂಗಿಗೆ ಬಂದ ಕೆಲಸವನ್ನು ಕಳೆದವಳು ನಾನು. ಕಾರ್ಖಾನೆಯವರಲ್ಲ, ಸರಕಾರವಲ್ಲ, ಅವಳ ಕೇಳದ ಕಿವಿಯೂ ಅಲ್ಲ — ನಾನು, ಅವಳ ಒಡಹುಟ್ಟಿದ ಅಕ್ಕ. ಕೆಲಸ ಕೊಡುತ್ತೇನೆಂದು ಮನೆಯ ಜಗಲಿಗೇ ಬಂದು ಕೂತವರಿಗೆ, ಅವಳು ಒಳಗೆ ಇರುವಾಗಲೇ, “ಅವಳಿಗೆ ಆಗುದಿಲ್ಲ” ಎಂದುಬಿಟ್ಟೆ. ನಾನು ಏನು ಹೇಳಿದರೂ ಅವಳಿಗೆ ಕೇಳಿಸುವುದಿಲ್ಲ ಎಂಬ ಧೈರ್ಯ ನನಗಿತ್ತು. ಆ ಧೈರ್ಯದಲ್ಲೇ ಹೇಳಿದ್ದು.

ಇದನ್ನು ಇಷ್ಟು ನೇರವಾಗಿ ಬರೆಯಲು ನನಗೆ ಹದಿನೈದು ವರ್ಷಕ್ಕೂ ಹೆಚ್ಚು ಬೇಕಾಯಿತು. ನಡುವೆ ಎಷ್ಟೋ ಸಲ ಬೇರೆ ಬೇರೆ ರೀತಿಯಲ್ಲಿ ನನಗೆ ನಾನೇ ಹೇಳಿಕೊಂಡು ನೋಡಿದ್ದೇನೆ. ಮನೆಯ ಪರಿಸ್ಥಿತಿ ಹಾಗಿತ್ತು, ಪಿಂಚಣಿ ನಿಲ್ಲುವ ಹೆದರಿಕೆ ಇತ್ತು, ಎಲ್ಲ ಅವಳ ಒಳ್ಳೆಯದಕ್ಕೇ ಎಂದೆಲ್ಲ. ಕಡಬದ ಬಟ್ಟೆ ಅಂಗಡಿಯಲ್ಲಿ ಅರ್ಧ ಆಯುಷ್ಯ ಸವೆಸಿದವಳು ನಾನು. ಸೀರೆಯ ಕಲೆಯಾದ ಭಾಗವನ್ನು ಒಳಗೆ ಮಡಚಿ ಸೆರಗನ್ನು ಮಾತ್ರ ಹರಡಿ ತೋರಿಸುವ ವಿದ್ಯೆಯನ್ನು ನನಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಇವತ್ತು ಪೂರ್ತಿ ಬಿಡಿಸಿ ಹಾಕುತ್ತೇನೆ.

ತಂಗಿಯ ಹೆಸರು ಸುಮತಿ. ನನಗಿಂತ ಎಂಟು ವರ್ಷ ಚಿಕ್ಕವಳು. ನಮ್ಮ ತವರು ಸುಳ್ಯದ ಆಚೆ ಆಲೆಟ್ಟಿ. ಅವಳು ಕೈಗೂಸಾಗಿದ್ದಾಗ ಜ್ವರ ಬಂದು ಕಿವಿ ಹೋಯಿತು. ಮಾತು ಕಲಿಯುವ ಮೊದಲೇ ಕಿವಿ ಹೋದ್ದರಿಂದ ಮಾತೂ ಬರಲಿಲ್ಲ. ಊರ ಶಾಲೆಯಲ್ಲಿ ಹಿಂದಿನ ಬೆಂಚಿನಲ್ಲಿ ಕೂತು ಹೆಸರು ಬರೆಯುವಷ್ಟು ಕಲಿತಳು. ಇಂಥ ಮಕ್ಕಳಿಗೆಂದೇ ದೂರದಲ್ಲಿ ಶಾಲೆ ಇದೆ ಎಂದು ಅಪ್ಪನಿಗೆ ತಿಳಿಯುವ ಹೊತ್ತಿಗೆ ಅವಳು ದೊಡ್ಡವಳಾಗಿದ್ದಳು.

ಹಾಗಾಗಿ ನಾವೇ ಒಂದು ಕೈಭಾಷೆ ಮಾಡಿಕೊಂಡೆವು. ಅಮ್ಮ ಎಂದರೆ ಮೂಗುಬೊಟ್ಟು. ನಾನು ಎಂದರೆ ಉದ್ದ ಜಡೆ — ಜಡೆ ಈಗ ಇಲಿಬಾಲದಷ್ಟಾಗಿದೆ, ಗುರುತು ಮಾತ್ರ ಹಾಗೆಯೇ ಉಳಿದಿದೆ. ಆ ಭಾಷೆಯಲ್ಲಿ ನಮಗೆ ಬೇಕಾದಷ್ಟು ಇತ್ತು, ಅದಕ್ಕಿಂತ ಹೆಚ್ಚು ಇರಲಿಲ್ಲ. ‘ಇಲ್ಲ’, ‘ಬೇಡ’, ‘ಆಗುವುದಿಲ್ಲ’ — ಮೂರಕ್ಕೂ ಒಂದೇ ಗುರುತು, ಅಂಗೈ ಬಿಡಿಸಿ ಬೀಸುವುದು. ಮನೆಯೊಳಗೆ ಅನ್ನ ಬೇಡವೋ ಅನ್ನ ಇಲ್ಲವೋ ಎಂದು ಪಾತ್ರೆ ನೋಡಿದರೆ ತಿಳಿಯುತ್ತದೆ. ಹೊರಗಿನವರ ನಡುವೆ ಅದೇ ಗುರುತಿನಿಂದ ಏನೆಲ್ಲ ಮುಚ್ಚಬಹುದು ಎಂದು ಆಗ ನಾನು ಯೋಚಿಸಿರಲಿಲ್ಲ.

ಇಪ್ಪತ್ತು ತುಂಬುವ ಮೊದಲೇ ಸುಮತಿ ಗೇರುಬೀಜದ ಕಾರ್ಖಾನೆಗೆ ಸೇರಿದಳು. ನೆರೆಮನೆಯ ಪ್ರೇಮ ಅಲ್ಲಿಗೆ ಹೋಗುತ್ತಿದ್ದಳು, ಇವಳನ್ನೂ ಕರೆದುಕೊಂಡು ಹೋದಳು. ಒಣಗಿಸಿದ ಬೀಜದ ಮೇಲಿನ ಕೆಂಪು ಸಿಪ್ಪೆಯನ್ನು ಉಗುರಿನಿಂದಲೂ ಸಣ್ಣ ಚೂರಿಯಿಂದಲೂ ತೆಗೆಯುವ ಕೆಲಸ. ಬೀಜ ಇಡಿಯಾಗಿ ಉಳಿಯಬೇಕು, ಒಡೆದರೆ ಅದರ ಬೆಲೆ ಹೋಯಿತು. ಇವಳ ಕೈ ಅದಕ್ಕೆ ಹೇಳಿ ಮಾಡಿಸಿದ ಹಾಗಿತ್ತು. ಬೆಳಿಗ್ಗೆ ಹತ್ತಾರು ಹೆಂಗಸರ ಜೊತೆ ಬಸ್ಸು ಹತ್ತುವುದು, ಮಧ್ಯಾಹ್ನ ಬುತ್ತಿ ಬಿಚ್ಚಿ ಪಲ್ಯ ಹಂಚಿಕೊಳ್ಳುವುದು, ಸಂಜೆ ಒಂದು ಲೋಕದ ಸುದ್ದಿ ಹೊತ್ತು ಬರುವುದು. ನಾನು ತವರಿಗೆ ಹೋದಾಗಲೆಲ್ಲ ಅವಳ ಕೈಗಳು ಸುಮ್ಮನಿರುತ್ತಿರಲಿಲ್ಲ. ಯಾರಿಗೆ ಮದುವೆ ನಿಶ್ಚಯವಾಯಿತು, ಯಾರ ಗಂಡ ಕುಡಿದು ಗೇಟಿಗೆ ಬಂದ — ಕಿವಿ ಇರುವ ನನಗಿಂತ ಹೆಚ್ಚು ಸುದ್ದಿ ಅವಳ ಹತ್ತಿರ ಇರುತ್ತಿತ್ತು.

ಅಲ್ಲಿ ಸೂಪರ್‌ವೈಸರ್ ಆಗಿದ್ದವರು ಲಿಲ್ಲಿ ಬಾಯಿ. ಎಲ್ಲರೂ ಬಾಯಮ್ಮ ಎನ್ನುತ್ತಿದ್ದರು. ಖಡಕ್ ಹೆಂಗಸು, ಆದರೆ ಕೆಲಸದ ಕೈಯನ್ನು ಗುರುತಿಸುವವರು. ಒಂದು ಸಂಜೆ ಬೀಜ ಕಾಣೆಯಾಯಿತೆಂದು ಗಲಾಟೆಯಾಗಿ, ಎಲ್ಲರ ಎದುರಿಗೆ ಗೇಟಿನಲ್ಲಿ ಸುಮತಿಯ ಬುತ್ತಿಚೀಲವನ್ನು ಅವರು ಕೊಡವಿ ನೋಡಿದರು. ಏನೂ ಸಿಗಲಿಲ್ಲ. ಸುಮತಿ ತುಂಬ ಅತ್ತಳಂತೆ. ಎರಡು ದಿನಕ್ಕೆ ಅವಳು ಮರೆತಳು, ಬಾಯಮ್ಮನಿಗೆ ಮರೆಯಲಾಗಲಿಲ್ಲ. ಅದು ನನಗೆ ಗೊತ್ತಿತ್ತು. ಇದನ್ನು ನೆನಪಿಡಿ, ಮುಂದೆ ಇದನ್ನೇ ನಾನು ಉಪಯೋಗಿಸಿಕೊಂಡೆ.

ಕಾರ್ಖಾನೆ ಮುಚ್ಚಿತು. ಅದೇ ವರ್ಷ ಅಮ್ಮ ತೀರಿಕೊಂಡರು, ಅಪ್ಪ ಮೊದಲೇ ಹೋಗಿದ್ದರು. ಸುಮತಿ ಕಡಬದ ಹತ್ತಿರದ ನಮ್ಮ ಮನೆಗೆ ಬಂದಳು. ಊರವರು ನನ್ನನ್ನು ಹೊಗಳಿದರು — ಮಾತು ಬಾರದ ತಂಗಿಯನ್ನು ಸಾಕುತ್ತಾಳೆ, ಎಂಥ ಮನಸ್ಸು! ಸಾಕುತ್ತಿದ್ದವರು ಯಾರು ಎಂದು ಈಗ ಹೇಳುತ್ತೇನೆ.

ನನ್ನ ಅತ್ತೆಗೆ ಪಕ್ಷವಾತ ಬಡಿದು ಒಂದು ಮಗ್ಗುಲು ಬಿದ್ದುಹೋಗಿತ್ತು. ಗಂಡ ನಸುಕಿಗೇ ರಬ್ಬರ್ ಟ್ಯಾಪಿಂಗಿಗೆ ಹೋಗುವವರು. ನನಗೆ ಅಂಗಡಿ. ಸುಮತಿ ಬರುವ ಮೊದಲು ಅತ್ತೆಗಾಗಿ ಕೆಲಸ ಬಿಡುವುದೆಂದು ನಾನು ನಿಶ್ಚಯಿಸಿಯಾಗಿತ್ತು, ಧಣಿಗಳಿಗೆ ಹೇಳುವುದೊಂದು ಬಾಕಿ. ಇವಳು ಬಂದದ್ದೇ ಎಲ್ಲವನ್ನೂ ಕೈಗೆತ್ತಿಕೊಂಡಳು. ಅತ್ತೆಯನ್ನು ಎತ್ತಿ ಕೂರಿಸುವುದು, ಮೈ ಒರೆಸುವುದು, ಗಂಜಿ ಕುಡಿಸುವುದು, ದನ, ಬಟ್ಟೆ, ಅಡುಗೆ. ನಾನು ಇಸ್ತ್ರಿ ಮಾಡಿದ ಸೀರೆ ಉಟ್ಟು ಎಂಟೂವರೆಯ ಬಸ್ಸಿಗೆ ಹೋಗುವಾಗ ಅವಳು ಬುತ್ತಿ ಹಿಡಿದು ಗೇಟಿನವರೆಗೆ ಬರುತ್ತಿದ್ದಳು. ಅಂಗಡಿಯಲ್ಲಿ ನನಗೊಂದು ಹೆಸರಿತ್ತು — ಬೇಡ ಎಂದು ಹೊರಟ ಗಿರಾಕಿಯ ತಲೆಯನ್ನೂ ಹೌದೆಂದು ಆಡಿಸುವವಳು ಸರೋಜ, ಎಂದು. ಆ ಹೆಸರು ನನಗೆ ಎಷ್ಟು ಪ್ರಿಯವಾಗಿತ್ತು ಎಂದರೆ — ಹೇಳುತ್ತೇನೆ, ಅಲ್ಲಿಗೇ ಬರುತ್ತಿದ್ದೇನೆ.

ಆ ನಡುವೆ ಸುಮತಿಗೆ ಅಂಗವಿಕಲರ ಪಿಂಚಣಿ ಮಾಡಿಸಿದೆ. ಆಗ ಕಡಬ ಇನ್ನೂ ತಾಲೂಕು ಆಗಿರಲಿಲ್ಲ, ಪ್ರತಿಯೊಂದಕ್ಕೂ ಪುತ್ತೂರಿಗೆ ಓಡಬೇಕು. ಕಂಡ ಕಂಡ ಮೇಜಿನ ಎದುರು ನಾನು ಹೇಳಿದ್ದು ಒಂದೇ ಮಾತು: “ಅವಳಿಗೆ ಎಂತದೂ ಆಗುದಿಲ್ಲ ಸಾರ್.” ಹಾಗೆ ಹೇಳದಿದ್ದರೆ ಕೆಲಸ ನಡೆಯುವುದಿಲ್ಲ ಎಂದು ಸಾಲಿನಲ್ಲಿ ನಿಂತವರು ಕಲಿಸಿಕೊಟ್ಟಿದ್ದರು. ಎಷ್ಟು ಆಗದವಳೋ ಅಷ್ಟು ಬೇಗ ಪಿಂಚಣಿ. ಪಕ್ಕದಲ್ಲಿ ನಿಂತ ಸುಮತಿ ನನ್ನ ಭಾರದ ಚೀಲವನ್ನು ಹೊತ್ತುಕೊಂಡು, ನನಗೆ ಸೆಖೆಯಾಗುತ್ತದೆಂದು ಸೆರಗಿನಿಂದ ಗಾಳಿ ಬೀಸುತ್ತಿದ್ದಳು. ಎಂತದೂ ಆಗದವಳು! ಹೇಳಿ ಹೇಳಿ ಆ ಮಾತು ನನ್ನ ನಾಲಿಗೆಗೆ ರೂಢಿಯಾಯಿತು. ಆದರೆ ರೂಢಿಯ ಮೇಲೆ ತಪ್ಪು ಹೊರಿಸಲು ನಾನು ಇದನ್ನು ಬರೆಯುತ್ತಿಲ್ಲ.

ಅದೊಂದು ಭಾನುವಾರ. ಊಟವಾಗಿ ನಾನು ಜಗಲಿಯಲ್ಲಿ ಕೂತಿದ್ದೆ, ಗಂಡ ಮನೆಯಲ್ಲಿರಲಿಲ್ಲ. ಅಂಗಳದ ತುದಿಯಲ್ಲಿ ಜೀಪು ನಿಂತಿತು, ಕೊಡೆ ಊರಿಕೊಂಡು ಲಿಲ್ಲಿ ಬಾಯಿ ಇಳಿದರು. ಆಲೆಟ್ಟಿಗೆ ಹೋಗಿ, ಅಲ್ಲಿ ಇಲ್ಲವೆಂದು ತಿಳಿದು, ಕೇಳಿಕೊಂಡು ಕೇಳಿಕೊಂಡು ಇಲ್ಲಿಯವರೆಗೆ ಬಂದಿದ್ದರು. ಕೈಯಲ್ಲಿ ಬೇಕರಿಯ ಹಲ್ವದ ಪೊಟ್ಟಣ. ಸುಮತಿ ಒಳಗಿಂದ ನೋಡಿದ್ದೇ ಓಡಿ ಬಂದು ಅವರ ಎರಡೂ ಕೈ ಹಿಡಿದುಕೊಂಡಳು. ಗಂಟಲಿನಿಂದ ಏನೋ ಒಂದು ಸಂತೋಷದ ಶಬ್ದ ಬಂತು, ನಾನು ಆ ಮನೆಯಲ್ಲಿ ಅದನ್ನು ಮೊದಲ ಸಲ ಕೇಳಿದ್ದು. ಓಡಿ ಹೋಗಿ ಚಾ ಮಾಡಿ ತಂದು, ಬಾಗಿಲ ಹತ್ತಿರ ಕಂಬಕ್ಕೆ ಒರಗಿ ನಿಂತಳು. ನಮ್ಮಿಬ್ಬರ ತುಟಿಯನ್ನೇ ನೋಡುತ್ತ ನಗುತ್ತಿದ್ದಳು.

“ಪುತ್ತೂರಿನ ಹತ್ರ ಒಂದು ಹೊಸ ಫ್ಯಾಕ್ಟರಿ ಶುರುವಾಗಿದೆ ಸರೋಜ,” ಎಂದರು ಬಾಯಮ್ಮ. “ನಾನೇ ನೋಡಿಕೊಳ್ಳುದು. ನಂಗೆ ಇವಳ ಕೈ ಬೇಕು ಮಾರಾಯ್ತಿ. ಮೇನ್ ರೋಡಿನವರೆಗೆ ವ್ಯಾನ್ ಬರ್ತದೆ. ಇವಳ ಹಾಗೆಯೇ ಮಾತು ಬಾರದ ಹುಡುಗಿಯರು ಇಬ್ರು ಉಂಟು ಅಲ್ಲಿ. ಕೈಯಲ್ಲೇ ಮಾತಾಡ್ತಾರೆ, ಎಂತ ಚಂದ ಗೊತ್ತುಂಟಾ! ಮೂರೂ ಜನರನ್ನು ಒಂದೇ ಮೇಜಿಗೆ ಹಾಕ್ತೇನೆ. ಪುನಃ ಬರ್ಲಿಕ್ಕೆ ಆಗ್ತದಾ, ಕೇಳು ಅವಳತ್ರ.”

ಕೇಳು ಅವಳತ್ರ. ಅಷ್ಟೇ ಅವರು ನನ್ನಿಂದ ಬಯಸಿದ್ದು.

ನನ್ನ ತಲೆಯಲ್ಲಿ ಏನೆಲ್ಲ ಓಡಿತು ಎಂದು ಹೇಳಬಲ್ಲೆ. ನಾಳೆಯಿಂದ ಅತ್ತೆಯನ್ನು ಎತ್ತುವವರು ಯಾರು. ಎಂಟೂವರೆಯ ಬಸ್ಸು. ಅಂಗಡಿಯಲ್ಲಿ ನನ್ನ ಜಾಗಕ್ಕೆ ಬರಲು ಕಾದಿದ್ದ ಹೊಸ ಹುಡುಗಿ. ಮತ್ತೆ ಆ ಇಬ್ಬರು — ಇವಳಂಥವರೇ ಇಬ್ಬರು — ಅವರ ನಡುವೆ ಕೂತರೆ ಇವಳಿಗೆ ನಾನು ಬೇಕಾಗುತ್ತೇನೆಯೇ ಎಂಬುದೂ ಓಡಿತು. ಪಿಂಚಣಿಯ ಯೋಚನೆ ಆ ಹೊತ್ತಿನಲ್ಲಿ ಬರಲೇ ಇಲ್ಲ. ಅದನ್ನು ನಾನು ಆಮೇಲೆ ತಂದು ಜೋಡಿಸಿದ್ದು.

ನಾನು ಸುಮತಿಯ ಕಡೆ ತಿರುಗಿದೆ. ಕೆಲಸದ ವಿಷಯ ಕೇಳುತ್ತಿದ್ದೇನೆಂದು ಬಾಯಮ್ಮ ನೋಡುತ್ತಿದ್ದರು. ಒಳಕೋಣೆಯ ಕಡೆ ಬೆರಳು ತೋರಿಸಿ, ಮಾತ್ರೆಯನ್ನು ಬಾಯಿಗೆ ಹಾಕುವ ಹಾಗೆ ಮಾಡಿ, ಕೈ ಮಗುಚಿದೆ. ನಮ್ಮ ಭಾಷೆಯಲ್ಲಿ ಅದರ ಅರ್ಥ — ಅತ್ತೆಗೆ ಮದ್ದು ಕೊಟ್ಟೆಯಾ?

ಕೊಟ್ಟಿರಲಿಲ್ಲ. ಬಾಯಮ್ಮ ಬಂದ ಸಂಭ್ರಮದಲ್ಲಿ ಮರೆತಿದ್ದಳು. ಮರೆತಿದ್ದಾಳೆಂದು ನನಗೆ ಗೊತ್ತಿತ್ತು, ಅದಕ್ಕೇ ಆ ಪ್ರಶ್ನೆ. ಸುಮತಿ ನಾಲಿಗೆ ಕಚ್ಚಿಕೊಂಡು, ಇಲ್ಲ ಇಲ್ಲವೆಂದು ತಲೆಯಾಡಿಸಿ, ಅಂಗೈ ಬೀಸಿ, ಸರ್ರನೆ ಒಳಗೆ ಹೋದಳು.

ನಾನು ಈ ಕಡೆ ತಿರುಗಿ ಹೇಳಿದೆ: “ಅವಳಿಗೆ ಆಗುದಿಲ್ಲ, ಬಾಯಮ್ಮ.”

ನಮ್ಮ ಕಡೆಯವರಿಗೆ ಈ ಮಾತಿನ ಮಹಿಮೆ ಗೊತ್ತು. ಮೈಯಲ್ಲಿ ತ್ರಾಣ ಇಲ್ಲದಿದ್ದರೂ ಆಗುದಿಲ್ಲ, ಮನಸ್ಸು ಒಪ್ಪದಿದ್ದರೂ ಆಗುದಿಲ್ಲ. ಬದನೆಕಾಯಿ ತಿಂದರೆ ಮೈ ತುರಿಸುವವರಿಗೂ ಬದನೆ ಆಗುದಿಲ್ಲ. ಇಬ್ಬರ ನಡುವೆ ಮಾತುಕತೆ ಬಿಟ್ಟುಹೋಗಿದ್ದರೆ, ಅವಳಿಗೆ ಇವಳು ಆಗುದಿಲ್ಲ. ಯಾವ ಅರ್ಥದಲ್ಲಿ ಹೇಳಿದೆ ಎಂದು ನಾನು ಹೇಳಲಿಲ್ಲ. ಬಾಯಮ್ಮನ ಮುಖ ಸಣ್ಣದಾಯಿತು. ಸುಮತಿ ಒಳಗೆ ಹೋದ ಬಾಗಿಲನ್ನು ನೋಡಿದರು.

“ಇನ್ನೂ ಸಿಟ್ಟುಂಟಾ ಅವಳಿಗೆ, ಆ ಚೀಲದ ವಿಷಯ?” ಎಂದು ಕೇಳಿದರು.

ಅಲ್ಲ ಎನ್ನಬಹುದಿತ್ತು. ಬಾಯಿ ತೆರೆದಿದ್ದರೆ ಸಾಕಿತ್ತು. ನಾನು ಚಾದ ಲೋಟ ಎತ್ತಿಕೊಂಡೆ, ತಲೆ ತಗ್ಗಿಸಿದೆ. ಅವರು ತಮಗೆ ಬೇಕಾದ ಅರ್ಥ ಮಾಡಿಕೊಳ್ಳಲಿ ಎಂದು ಬಿಟ್ಟೆ. ಹಲ್ವದ ಪೊಟ್ಟಣವನ್ನು ಕುರ್ಚಿಯ ಮೇಲಿಟ್ಟು, “ಆಯ್ತು, ಅವಳಿಗೆ ಕೊಡು” ಎಂದು ಎದ್ದರು. ಜೀಪು ಹೋಯಿತು.

ಸುಮತಿ ಮದ್ದಿನ ಲೋಟ ಹಿಡಿದುಕೊಂಡೇ ಹೊರಗೆ ಬಂದಳು. ಇಷ್ಟು ಬೇಗ ಹೋದರಾ ಎಂದು ರಸ್ತೆಯ ಕಡೆ ನೋಡಿದಳು. ಆಮೇಲೆ ನನ್ನ ಹತ್ತಿರ ಬಂದು, ಹೆಬ್ಬೆರಳ ಉಗುರಿನಿಂದ ಬೀಜದ ಸಿಪ್ಪೆ ತೆಗೆಯುವ ಹಾಗೆ ಮಾಡಿ, ತನ್ನ ಎದೆ ಮುಟ್ಟಿಕೊಂಡು, ಕಣ್ಣಗಲಿಸಿದಳು. ಕೆಲಸ — ನನಗೆ?

ನಾನು ಅಂಗೈ ಬಿಡಿಸಿ ಬೀಸಿದೆ.

ಕೆಲಸ ಇಲ್ಲ ಎಂದೋ, ನೀನು ಬೇಡ ಎಂದರು ಎಂದೋ, ನಿನ್ನಿಂದ ಆಗದು ಎಂದರು ಎಂದೋ — ಅವಳು ಯಾವುದನ್ನು ಓದಿಕೊಂಡಳೋ ನನಗೆ ಆಗ ತಿಳಿಯಲಿಲ್ಲ. ಮೂರರಲ್ಲಿ ಯಾವುದಾದರೂ ನನಗೆ ನಡೆಯುತ್ತಿತ್ತು. ದೇವರು ವರ ಕೊಟ್ಟರೂ ಪೂಜಾರಿ ಕೊಡ ಎನ್ನುತ್ತಾರೆ. ಪೂಜಾರಿ ಒಡಹುಟ್ಟಿದವಳೇ ಆಗಿದ್ದರೆ ಭಕ್ತೆಗೆ ಅನುಮಾನವಾದರೂ ಬರುವುದು ಹೇಗೆ? ಅವಳು ಹಲ್ವವನ್ನು ತುಂಡು ಮಾಡಿ ದೊಡ್ಡ ತುಂಡನ್ನು ನನಗೆ ಕೊಟ್ಟಳು. ನಾನು ತಿಂದೆ.

ಹಾಗೆ ಒಬ್ಬರು ಅವಳು ತಮ್ಮನ್ನು ಬೇಡವೆಂದಳು ಎಂದುಕೊಂಡರು, ಇನ್ನೊಬ್ಬಳು ಅವರು ತನ್ನನ್ನು ಬೇಡವೆಂದರು ಎಂದುಕೊಂಡಳು. ನಡುವೆ ನಾನು ಮರುದಿನ ಎಂಟೂವರೆಯ ಬಸ್ಸಿಗೆ ಹೋದೆ.

ಅಷ್ಟಕ್ಕೇ ಮುಗಿಯಲಿಲ್ಲ. ಒಂದು ಸಲ ಪುತ್ತೂರಿನ ಬಸ್‌ಸ್ಟ್ಯಾಂಡಿನಲ್ಲಿ ಪ್ರೇಮ ಸಿಕ್ಕಿದಳು. ಸುಮತಿ ಜನರನ್ನು ಸರಿಸಿಕೊಂಡು ಓಡಿ ಹೋಗಿ ಅವಳ ತೋಳು ಹಿಡಿದಳು. ಪ್ರೇಮ ನೆಟ್ಟಗೆ ನೋಡಲೂ ಇಲ್ಲ. ನನ್ನ ಹತ್ತಿರ ಮಾತ್ರ ಹೇಳಿದಳು: “ಬಾಯಮ್ಮ ಅಷ್ಟು ದೂರ ಬಂದು ಕರೆದರೂ ಒಪ್ಲಿಲ್ಲಂತಲ್ಲ ನಿಮ್ಮ ತಂಗಿ. ಎಂತಕ್ಕೆ ಅಷ್ಟು ಧಿಮಾಕು? ಪೆನ್ಶನ್ ಬರ್ತದೆ ಅಂತಲಾ?”

“ಅವಳ ಸ್ವಭಾವವೇ ಹಾಗೆ,” ಎಂದೆ.

ಮೊದಲನೆಯದನ್ನು ಗಾಬರಿಯಲ್ಲಿ ಹೇಳಿದೆ ಎನ್ನಬಹುದೋ ಏನೋ. ಇದಕ್ಕೆ ಯಾವ ಗಾಬರಿ ಇತ್ತು? ಬಸ್ಸಿನಲ್ಲಿ ಕೂತ ಮೇಲೆ ಸುಮತಿ, ಪ್ರೇಮ ಯಾಕೆ ಹಾಗೆ ಮಾಡಿದಳು ಎಂದು ಕೈಯಲ್ಲಿ ಕೇಳಿದಳು. ನಾನು ಕಿಟಕಿಯ ಹೊರಗೆ ನೋಡಿದೆ. ಕಿವಿ ಕೇಳದವರ ಜೊತೆ ಮಾತು ನಿಲ್ಲಿಸಲು ಅಷ್ಟು ಸಾಕು, ಮುಖ ತಿರುಗಿಸಿದರೆ ಅವರ ಬಾಯಿ ಕಟ್ಟಿದ ಹಾಗೆ.

ಪಿಂಚಣಿಯ ವಿಷಯವನ್ನೂ ಹೇಳಿಬಿಡುತ್ತೇನೆ. ಕೆಲಸಕ್ಕೆ ಸೇರಿದ್ದು ಗೊತ್ತಾದರೆ ನಿಲ್ಲಿಸುತ್ತಾರೆ ಎಂದು ಸಾಲಿನಲ್ಲಿ ಯಾರೋ ಹೇಳಿದ್ದರು. ನಿಜವೇ ಎಂದು ವಿಚಾರಿಸಲು ಆ ಕಚೇರಿಯ ಮೆಟ್ಟಿಲನ್ನು ನಾನು ಎಷ್ಟು ಸಲ ಹತ್ತಿ ಇಳಿದಿಲ್ಲ! ಒಂದು ಸಲವೂ ಕೇಳಲಿಲ್ಲ. ನಿಲ್ಲುವುದಿಲ್ಲ ಎಂದುಬಿಟ್ಟರೆ ನನ್ನ ನೆಪ ಹೋಗುತ್ತಿತ್ತು. ಸರಕಾರದ ಲೆಕ್ಕದಲ್ಲಿ ಏನೂ ಆಗದವಳು, ನಮ್ಮ ಮನೆಯ ಲೆಕ್ಕದಲ್ಲಿ ಎಲ್ಲವೂ ಅವಳಿಂದಲೇ ಆಗಬೇಕು. ಅವಳು ಬೇಯಿಸಿದ ಅನ್ನ ಉಂಡೇ ನಾನು ‘ದುಡಿಯುವ ಹೆಂಗಸು’ ಎನಿಸಿಕೊಂಡೆ.

ಅತ್ತೆ ಮತ್ತೆ ಆರೇಳು ವರ್ಷ ಬದುಕಿದ್ದರು. ಅವರು ಹೋದ ಮೇಲೆ ನೆಪವೂ ಹೋಯಿತು, ಆದರೂ ನಾನು ಹೇಳಲಿಲ್ಲ. ಹೊತ್ತು ಕಳೆದಷ್ಟೂ ಸುಳ್ಳಿಗೆ ಬೇರು ಇಳಿಯುತ್ತದೆ. ಸುಮತಿ ಕೆಲಸದ ಮಾತನ್ನು ಮತ್ತೆ ಎತ್ತಲೇ ಇಲ್ಲ. ಉಗುರನ್ನು ಬುಡದವರೆಗೆ ಕತ್ತರಿಸತೊಡಗಿದಳು. ಅವಳ ಕೈಗಳು ಮಾತು ಕಡಿಮೆ ಮಾಡಿದವು — ಅನ್ನ, ಹಾಲು, ಬಟ್ಟೆ, ಮಳೆ, ಅಷ್ಟರಲ್ಲೇ ದಿನ ಮುಗಿಯುತ್ತಿತ್ತು. ಹೇಳಲಿಕ್ಕೆ ಅವಳ ಹತ್ತಿರ ಸುದ್ದಿಯಾದರೂ ಎಲ್ಲಿತ್ತು? ನಾನು ಅವಳಿಗೆ ವಯಸ್ಸಾಯಿತು ಎಂದುಕೊಂಡೆ. ಆಗ ಅವಳಿಗೆ ನಲವತ್ತು.

ಈ ವರ್ಷ, ಪಂಚಾಯತಿನಲ್ಲಿ ಅಂಗವಿಕಲರ ವಿಷಯ ನೋಡಿಕೊಳ್ಳುವ ಹರೀಶ ಮನೆಗೆ ಬಂದ. ಅವನಿಗೂ ಒಂದು ಕಾಲು ಪೋಲಿಯೋದಿಂದ ಸಣ್ಣದು, ಹಿಂದೆ ಎರಡು ಚಕ್ರ ಹೆಚ್ಚಿಗೆ ಕೂಡಿಸಿದ ಸ್ಕೂಟರಿನಲ್ಲಿ ಓಡಾಡುತ್ತಾನೆ. ಕಡಬದ ಹತ್ತಿರ ಅಡಿಕೆ ಹಾಳೆಯ ತಟ್ಟೆ ಮಾಡುವ ಘಟಕವೊಂದು ಶುರುವಾಗುತ್ತದೆ, ಇಂಥವರನ್ನೇ ಕೆಲಸಕ್ಕೆ ತೆಗೆದುಕೊಳ್ಳುತ್ತಾರೆ ಎಂದ. ನನ್ನ ಬಾಯಿ ತಾನಾಗಿ ತೆರೆಯಿತು. “ಪೆನ್ಶನ್ ನಿಲ್ಲುದಿಲ್ವಾ?” ಎಂದೆ.

“ಆದಾಯ ಎಲ್ಲ ನೋಡ್ತಾರೆ ಅಕ್ಕ, ನಾನು ವಿಚಾರಿಸಿ ಹೇಳ್ತೇನೆ,” ಎಂದ. “ಕೇಳ್ಲಿಕ್ಕೆ ಎಂತ ಹೆದರಿಕೆ?”

ಅವನು ಸುಮ್ಮನೆ ಹೇಳಿದ್ದು. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡವಳು ನಾನು. ಅವನು ಸುಮತಿಯ ಎದುರು ಹೋಗಿ ಕೂತು, ತನಗೆ ಬರುವ ನಾಲ್ಕು ಕೈಸನ್ನೆಗಳಲ್ಲಿ ಅವಳನ್ನೇ ಕೇಳಿದ — ಕೆಲಸ, ಬರುತ್ತೀರಾ? ಅವಳಿಗೆ ಅರ್ಥವಾಯಿತು. ಅರ್ಥವಾದದ್ದು ಕಣ್ಣಿನಲ್ಲಿ ಕಂಡಿತು. ಆದರೆ ಉತ್ತರ ಕೊಡದೆ ನನ್ನ ಮುಖ ನೋಡಿದಳು. ತನಗೆ ಮನಸ್ಸಿದೆಯೋ ಇಲ್ಲವೋ ಎಂದು ನಾನು ಹೇಳಲಿ ಎಂದು ಕಾದಳು.

“ಯಾವಾಗಲೂ ಹೀಗೆಯಾ ಅಕ್ಕ, ನಿಮ್ಮ ಮುಖ ನೋಡುದು?” ಎಂದ ಹರೀಶ. ಸೋಮವಾರ ಪುನಃ ಬರುತ್ತೇನೆ ಎಂದು ಹೇಳಿ ಹೋದ.

ಬೀಜದ ಕಾರ್ಖಾನೆಗೆ ಯಾರನ್ನೂ ಕೇಳದೆ ಬಸ್ಸು ಹತ್ತಿ ಹೋಗುತ್ತಿದ್ದವಳು. ಗೇಟಿನಲ್ಲಿ ಚೀಲ ಕೊಡವಿದಾಗ ಎಲ್ಲರೆದುರು ಅತ್ತು, ಮರುದಿನ ತಲೆಯೆತ್ತಿ ಅದೇ ಗೇಟಿನಲ್ಲಿ ಒಳಗೆ ಹೋದವಳು. ನಾನು ಅವಳಿಂದ ಕಸಿದುಕೊಂಡದ್ದು ಒಂದು ಕೆಲಸ ಮಾತ್ರ ಎಂದುಕೊಂಡಿದ್ದೆ.

ಮರುದಿನವೇ ಲಿಲ್ಲಿ ಬಾಯಿಯ ಮನೆಗೆ ಹೋದೆ, ನರಿಮೊಗರಿಗೆ. ಮಗಳ ಜೊತೆ ಇದ್ದಾರೆ, ಮಂಡಿನೋವು, ಕೆಲಸ ಬಿಟ್ಟು ವರ್ಷಗಳಾದವು. ಈಗ ಸಿಪ್ಪೆ ತೆಗೆಯಲು ಮಿಷನ್ ಬಂದಿದೆಯಂತೆ. ಅವರೆದುರು ಎಲ್ಲವನ್ನೂ ಹೇಳಿದೆ. ಪೂರ್ತಿ ಕೇಳಿಸಿಕೊಂಡರು. ಆ ಇಬ್ಬರು ಹುಡುಗಿಯರ ನಡುವೆ ಒಂದು ಸ್ಟೂಲನ್ನು ಬಹಳ ದಿನ ಖಾಲಿ ಇಟ್ಟಿದ್ದರಂತೆ, ಸಿಟ್ಟು ಇಳಿದ ಮೇಲೆ ಬಂದಾಳು ಎಂದು — ಅಷ್ಟು ಹೇಳಿ ಕಣ್ಣೊರೆಸಿಕೊಂಡರು. ಆಮೇಲೆ ಹಳೆಯ ಸೂಪರ್‌ವೈಸರಿನ ದನಿಯಲ್ಲೇ ಕೇಳಿದರು:

“ನನ್ನತ್ರ ಎಂತಕ್ಕೆ ಹೇಳುದು? ನಂಗೆ ಕೆಲಸ ಹೋಯ್ತಾ?”

ನಿಜ. ಕಿವಿ ಕೇಳುವವರನ್ನು ಹುಡುಕಿಕೊಂಡು ಹೋಗಿದ್ದೆ, ಹೇಳುವುದು ಸುಲಭವೆಂದು.

ಭಾನುವಾರ ಮಧ್ಯಾಹ್ನ ಸುಮತಿಯನ್ನು ಜಗಲಿಗೆ ಕರೆದೆ. ಆದರೆ ಹೇಳುವುದು ಹೇಗೆ? ಎಂದೋ ನಡೆದದ್ದನ್ನು ಹೇಳಲು ನಮ್ಮ ಕೈಭಾಷೆಯಲ್ಲಿ ಶಬ್ದಗಳಿಲ್ಲ. ತಪ್ಪಾಯಿತು ಎನ್ನಲು ಒಂದು ಗುರುತೂ ಇಲ್ಲ. ಇಷ್ಟು ವರ್ಷ ನನಗೆ ಅದು ಬೇಕಾಗಿರಲಿಲ್ಲ ನೋಡಿ. ಆಡಿ ತೋರಿಸುವುದೊಂದೇ ದಾರಿ.

ಕುರ್ಚಿಯೊಂದನ್ನು ಎಳೆದು ಇಟ್ಟೆ. ಕೊಡೆ ಊರಿಕೊಂಡು ಬಂದು, ಲಿಲ್ಲಿ ಬಾಯಿಯ ಹಾಗೆ ಸೊಂಟಕ್ಕೆ ಕೈ ಕೊಟ್ಟು ಕೂತೆ. ಸುಮತಿ ಗುರುತು ಹಿಡಿದು ಕಿಲಕಿಲ ನಕ್ಕಳು. ನಾನು ಬಾಯಮ್ಮನಾಗಿ ಉಗುರಿನಿಂದ ಸಿಪ್ಪೆ ತೆಗೆದೆ, ಸುಮತಿಯನ್ನು ತೋರಿಸಿದೆ, ಬಾ ಎಂದು ಕರೆದೆ, ಎರಡೂ ಕೈಯಲ್ಲಿ ಸ್ಟೀರಿಂಗ್ ತಿರುಗಿಸಿ ವ್ಯಾನು ಬರುತ್ತದೆ ಎಂದೆ. ಕೈಯಲ್ಲೇ ಮಾತಾಡುವ ಇಬ್ಬರನ್ನೂ ನಡುವಿನ ಖಾಲಿ ಜಾಗವನ್ನೂ ತೋರಿಸಿದೆ. ಅವಳ ನಗು ನಿಧಾನವಾಯಿತು. ಎದ್ದು ನಾನು ನಾನಾದೆ — ಜಡೆ ಎಳೆದು ತೋರಿಸಿ, ಮಾತ್ರೆಯನ್ನು ಬಾಯಿಗೆ ಹಾಕುವ ಹಾಗೆ ಮಾಡಿ ಕೇಳಿದೆ. ಕಂಬದ ಹತ್ತಿರ ಹೋಗಿ ಸುಮತಿಯಾದೆ — ನಾಲಿಗೆ ಕಚ್ಚಿ, ತಲೆಯಾಡಿಸಿ, ಒಳಗೆ ಓಡಿದೆ. ಪುನಃ ನಾನಾಗಿ ಕುರ್ಚಿಯ ಕಡೆ ತಿರುಗಿ, ಅಂಗೈ ಬಿಡಿಸಿ ಬೀಸಿದೆ. ಆಮೇಲೆ ಅವಳ ಕಡೆ ತಿರುಗಿ ಅದೇ ಅಂಗೈ ಬೀಸಿದೆ. ಎರಡು ಕೈಯಿಂದ ನನ್ನ ಕೆನ್ನೆಗೆ ನಾನೇ ಹೊಡೆದುಕೊಂಡೆ.

ಅವಳು ಅಳಲಿಲ್ಲ. ಆಮೇಲೆ ಬೆರಳು ಸುತ್ತಿಸಿದಳು — ಇನ್ನೊಮ್ಮೆ.

ಇನ್ನೊಮ್ಮೆ ಆಡಿದೆ. ಕೆಟ್ಟ ಕೆಲಸವನ್ನು ಒಂದು ಸಲ ಮಾಡುವುದು ಸುಲಭ, ಮಾಡಿದ್ದನ್ನು ಆಡಿ ತೋರಿಸುವುದು ಅಷ್ಟು ಸುಲಭವಲ್ಲ. ಈ ಸಲ ಬಾಯಮ್ಮನ ಪಾಲು ಮುಗಿಸಿ ಕುರ್ಚಿಯಿಂದ ಎದ್ದು, ಮಾತ್ರೆಯ ಪ್ರಶ್ನೆಗೆ ಕೈ ಎತ್ತಿದ್ದೆನಷ್ಟೆ — ಸುಮತಿ ಎದ್ದು ಬಂದು ನನ್ನ ಮಣಿಕಟ್ಟು ಹಿಡಿದುಕೊಂಡಳು. ನನ್ನನ್ನು ಪಕ್ಕಕ್ಕೆ ಸರಿಸಿದಳು. ತಾನೇ ಹೋಗಿ ಕಂಬದ ಹತ್ತಿರ ನಿಂತು, ಸೆರಗು ಸರಿಮಾಡಿಕೊಂಡು, ಖಾಲಿ ಕುರ್ಚಿಯ ಕಡೆ ನೋಡಿದಳು.

ಹೌದು ಎಂದು ತಲೆಯಾಡಿಸಿದಳು. ಎದೆಗೆ ಕೈ ತಟ್ಟಿಕೊಂಡು, ಬರುತ್ತೇನೆ ಎಂದಳು. ಇನ್ನೊಮ್ಮೆ ತಲೆಯಾಡಿಸಿದಳು, ಎಲ್ಲಿ ಅವರು ನೋಡದೆ ಹೋದಾರೋ ಎಂಬ ಹಾಗೆ ಜೋರಾಗಿ. ಆಮೇಲೆ ಎರಡೂ ಕೈಯಿಂದ ಸ್ಟೀರಿಂಗ್ ತಿರುಗಿಸಿ, ಮಣಿಕಟ್ಟಿನ ಮೇಲೆ ಬೆರಳಿಟ್ಟು, ಕುರ್ಚಿಯನ್ನೇ ಕೇಳಿದಳು — ನಾಳೆ ವ್ಯಾನು ಎಷ್ಟು ಗಂಟೆಗೆ?

ಉತ್ತರಕ್ಕೆ ಕಾಯುತ್ತ ನಿಂತಳು. ನಾನು ಆ ಕುರ್ಚಿಗೆ ಹೋಗಿ ಕೂರಲಿಲ್ಲ. ಅವಳು ನನ್ನ ಮುಖವನ್ನೂ ನೋಡಲಿಲ್ಲ.